ಮಾರ್ಚ್ 31ರ ಸಂಜೆ, ಏಪ್ರಿಲ್ 2ರ ಬೆಳಿಗ್ಗೆ

ಆ ಅಧಿಕಾರಿ ಕೇಳಿದ್ದು ಎರಡೇ ಪಟ್ಟಿ. ಮಾರ್ಚ್ 25ರಿಂದ 31ರ ಒಳಗೆ ಪೂರ್ತಿ ತೀರಿದ ಸಾಲಗಳದ್ದು ಒಂದು, ಏಪ್ರಿಲ್ 2ರಿಂದ 15ರ ಒಳಗೆ ಹೊಸದಾಗಿ ಕೊಟ್ಟ ಸಾಲಗಳದ್ದು ಇನ್ನೊಂದು.

2016ರ ಜುಲೈ. ಶಿರಸಿಯಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ. ಬೆಳಿಗ್ಗೆಯಿಂದ ಮೂರು ಸಲ ಕರೆಂಟ್ ಹೋಗಿ ಬಂದಿತ್ತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರಕರ ಎನ್ನುತ್ತ ಎರಡು ಉದ್ದನೆಯ ಹಾಳೆಗಳನ್ನು ಹೊರಹಾಕಿತು. ಬೆಂಗಳೂರಿನ ನೃಪತುಂಗ ರಸ್ತೆಯ ರಿಸರ್ವ್ ಬ್ಯಾಂಕ್ ಕಚೇರಿಯಿಂದ ತಪಾಸಣೆಗೆ ಬಂದ ಆ ಯುವತಿ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಹರವಿಕೊಂಡು, ಪೆನ್ಸಿಲಿನಿಂದ ಎಡಗಡೆಯ ಹೆಸರಿನಿಂದ ಬಲಗಡೆಯ ಹೆಸರಿಗೆ ಗೆರೆ ಎಳೆಯತೊಡಗಿದರು. ಎಡಗಡೆ 34 ಹೆಸರುಗಳಿದ್ದವು. 31 ಗೆರೆಗಳು ಬಿದ್ದವು.

"ಇವರೆಲ್ಲ ಮಾರ್ಚ್ 31ಕ್ಕೆ ಹಣ ಎಲ್ಲಿಂದ ತಂದರು?"

"ಇವರೆಲ್ಲ ನಮಗೆ ಗೊತ್ತಿದ್ದವರು, ಮೇಡಂ."

"ನನ್ನ ಪ್ರಶ್ನೆ ಅದಲ್ಲ ಸರ್."

ನಾನು ಆಗ ಒಂದು ಸಣ್ಣ ಪಟ್ಟಣ ಸಹಕಾರಿ ಬ್ಯಾಂಕಿನ ಮುಖ್ಯ ಕಾರ್ಯನಿರ್ವಾಹಕ. ಒಂಬತ್ತು ಶಾಖೆಗಳು, ಘಟ್ಟದ ಮೇಲೆ ಆರು, ಕೆಳಗೆ ಕುಮಟಾ, ಅಂಕೋಲಾ, ಕಾರವಾರ. ಸುಮಾರು 140 ಕೋಟಿ ಠೇವಣಿ, 90 ಕೋಟಿ ಸಾಲ. ಗುಮಾಸ್ತನಾಗಿ ಸೇರಿ ಮೂವತ್ತು ವರ್ಷ ಅಲ್ಲಿಯೇ ಸವೆದಿದ್ದೆ. ಗೆರೆಗಳು ಬಿದ್ದ ಆ ಹೆಸರುಗಳಲ್ಲಿ ಯಾರ ಮನೆಯ ಅಂಗಳ ಎಷ್ಟು ಅಗಲ, ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ ಎಂಬುದೂ ನನಗೆ ತಿಳಿದಿತ್ತು. ಹದಿನೇಳನೆಯ ಹೆಸರು ನನ್ನ ಸೋದರಮಾವನದು.

ಹಣ ಎಲ್ಲಿಂದ ಬಂತು ಎಂಬುದೂ ನನಗೆ ಗೊತ್ತಿತ್ತು. ನಮ್ಮ ಕಡೆ ಅದಕ್ಕೆ 'ಹಳತು-ಹೊಸತು ಮಾಡುವುದು' ಎನ್ನುತ್ತಿದ್ದೆವು. ಸಾಲಗಾರ ಮಾರ್ಚ್ ಕೊನೆಯಲ್ಲಿ ಪೇಟೆಯ ಯಾರಾದರೂ ವ್ಯಾಪಾರಿಯ ಹತ್ತಿರ ಮೂರು ದಿನದ ಮಟ್ಟಿಗೆ ಕೈಗಡ ತರುತ್ತಾನೆ. ಅದನ್ನು ಬ್ಯಾಂಕಿಗೆ ಕಟ್ಟಿ ಹಳೆಯ ಸಾಲ ತೀರಿಸುತ್ತಾನೆ. ಏಪ್ರಿಲ್ 1 ಬ್ಯಾಂಕಿನ ಲೆಕ್ಕದ ದಿನ, ಗ್ರಾಹಕರಿಗೆ ಬಾಗಿಲಿಲ್ಲ. 2ರಂದು ಬೆಳಿಗ್ಗೆ ಅದೇ ಜಾಮೀನಿನ ಮೇಲೆ, ಬಡ್ಡಿಯನ್ನೂ ಅಸಲಿಗೆ ಸೇರಿಸಿ ಹೊಸ ಸಾಲ ಮಂಜೂರು. ಆ ಹಣ ನೇರವಾಗಿ ವ್ಯಾಪಾರಿಗೆ, ಮೂರು ದಿನದ ಬಡ್ಡಿಯ ಸಮೇತ. ಮಾರ್ಚ್ 31ರ ಆಸ್ತಿ-ಹೊಣೆ ತಖ್ತೆಯಲ್ಲಿ ಸುಸ್ತಿ ಬಾಕಿ ಇಲ್ಲ. ಲೆಕ್ಕಪರಿಶೋಧಕರು ಸಹಿ ಹಾಕುತ್ತಾರೆ, ಮಹಾಸಭೆಯಲ್ಲಿ ಡಿವಿಡೆಂಡ್ ಘೋಷಣೆಯಾಗುತ್ತದೆ, ಜಿಲೇಬಿ ಹಂಚುತ್ತೇವೆ.

ಇದನ್ನು ವಂಚನೆ ಎಂದು ನಾವು ಯಾರೂ ಎಣಿಸಿರಲಿಲ್ಲ. ಸಾಲಗಾರನ ಮಾನ ಉಳಿಯಿತು, ಬ್ಯಾಂಕಿನ ಹೆಸರು ಉಳಿಯಿತು ಎಂದುಕೊಳ್ಳುತ್ತಿದ್ದೆವು. 1920ರಲ್ಲಿ ಶುರುವಾದ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಕೆಡಿಸಿಸಿ, 1923ರ ಅಡಿಕೆ ತೋಟಗಾರರ ಮಾರಾಟ ಸಂಘ ಟಿಎಸ್‌ಎಸ್, ಊರೂರಿಗೊಂದು ಸೇವಾ ಸಹಕಾರಿ ಸಂಘ ಇರುವ ಸೀಮೆ ನಮ್ಮದು. ಮುಖ ನೋಡಿ ಸಾಲ ಕೊಡುವುದು ಇಲ್ಲಿ ನೂರು ವರ್ಷದ ರೂಢಿ. ರೂಢಿ ತಪ್ಪಲ್ಲ ಎಂದು ಈಗಲೂ ಹೇಳುತ್ತೇನೆ. ಮುಖ ನೋಡಿ ಸಾಲ ಕೊಡಬಹುದು. ಮುಖ ನೋಡಿ ಲೆಕ್ಕ ಬರೆದದ್ದು ನಮ್ಮ ತಪ್ಪು.

ತಪಾಸಣೆ ಹೇಗೆ ನಡೆಯುತ್ತದೆ ಎಂಬುದನ್ನು ಹೊರಗಿನವರು ಬೇರೆಯೇ ಥರ ಊಹಿಸುತ್ತಾರೆ. ದಾಳಿಯಂತೆ ಏನೂ ಇರುವುದಿಲ್ಲ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ನೇ ಕಲಮಿನ ಅಡಿ ಬರುತ್ತಾರೆ. ಆ ಕಾಯ್ದೆ ಸಹಕಾರಿ ಬ್ಯಾಂಕುಗಳಿಗೆ ಅನ್ವಯವಾದದ್ದು 1966ರ ಮಾರ್ಚ್ 1ರಿಂದ. ಮೊದಲ ದಿನ ಬೆಳಿಗ್ಗೆ ತಿಜೋರಿ ತೆಗೆಸಿ ನಗದು ಎಣಿಸಿದರು. ನಂತರ ಚಿನ್ನದ ಚೀಲಗಳು. ಇಪ್ಪತ್ತು ಚೀಲಗಳನ್ನು ಅವರೇ ಆರಿಸಿ, ಸೀಲು ಒಡೆಸಿ, ನಮ್ಮ ಸರಾಫರಿಂದ ಎದುರಿಗೇ ತೂಗಿಸಿದರು. ಅದರಲ್ಲಿ ಒಂದು ಗುಲಗಂಜಿಯಷ್ಟೂ ವ್ಯತ್ಯಾಸ ಬರಲಿಲ್ಲ. ಸರಾಫರು ಸಂಜೆಯವರೆಗೂ ಎದೆಯುಬ್ಬಿಸಿಕೊಂಡು ಓಡಾಡಿದರು. ಚಿನ್ನ ಸರಿ ಇದ್ದರೆ ಬ್ಯಾಂಕ್ ಸರಿ ಇದ್ದಂತೆ ಎಂದು ನಾನೂ ಅಂದುಕೊಂಡೆ. ಮೂರನೆಯ ದಿನ ಆ ಎರಡು ಪಟ್ಟಿಗಳನ್ನು ಕೇಳಿದರು.

ಒಂದು ಖಾತೆಯನ್ನು ಬಿಡಿಸಿ ಹೇಳುತ್ತೇನೆ, ಮಾವನದ್ದನ್ನೇ. ಮನೆ ಕಟ್ಟಲು ಪಡೆದ ಸಾಲ, ತಿಂಗಳಿಗೆ ಹದಿಮೂರು ಸಾವಿರದ ಹತ್ತಿರ ಕಂತು. ಆ ಹೊತ್ತಿಗೆ ಉಳಿದ ಅಸಲು 8 ಲಕ್ಷ. ಬಡ್ಡಿ ಶೇಕಡ 12. 2015ರ ಏಪ್ರಿಲಿನಿಂದ ಕಂತು ನಿಂತಿತ್ತು. ಕಂತಾಗಲಿ ಬಡ್ಡಿಯಾಗಲಿ 90 ದಿನ ಮೀರಿ ಬಾಕಿ ಉಳಿದರೆ ಆ ಸಾಲ ಅನುತ್ಪಾದಕ, ಅಂದರೆ ಎನ್‌ಪಿಎ. ನಾವು ಹಳತು-ಹೊಸತು ಮಾಡಿ ಅದನ್ನು ಮುಚ್ಚಿದ್ದೆವು. ತಪಾಸಣೆಯವರು ಹೊಸ ಸಾಲವನ್ನು ಸಾಲವೆಂದೇ ಒಪ್ಪಲಿಲ್ಲ. ಹಳೆಯದರ ಮುಂದುವರಿಕೆ ಎಂದು ಬರೆದರು. ಆಗ ಏನಾಗುತ್ತದೆ? ಕೈಗೆ ಬಾರದೆ ಆದಾಯವೆಂದು ಬರೆದುಕೊಂಡ ಬಡ್ಡಿ 96 ಸಾವಿರ ವಾಪಸ್ ಹೋಗುತ್ತದೆ. ಮೊದಲ ವರ್ಷದ ಎನ್‌ಪಿಎಗೆ ನಮ್ಮಂಥ ಬ್ಯಾಂಕು ಬಾಕಿಯ ಶೇಕಡ 10ರಷ್ಟನ್ನು ಪ್ರಾವಿಜನ್ ಎಂದು ಲಾಭದಿಂದ ತೆಗೆದಿಡಬೇಕು, ಅದು 80 ಸಾವಿರ. ಒಟ್ಟು 1 ಲಕ್ಷ 76 ಸಾವಿರ. ನಾವು ಶೇಕಡ 9ಕ್ಕೆ ಠೇವಣಿ ಪಡೆದು 12ಕ್ಕೆ ಸಾಲ ಕೊಡುವವರು. 8 ಲಕ್ಷದ ಮೇಲೆ ವರ್ಷಕ್ಕೆ ಉಳಿಯುವುದು 24 ಸಾವಿರ, ಅದರಲ್ಲೇ ಸಂಬಳ, ಬಾಡಿಗೆ, ಕರೆಂಟು. ಆ ಒಂದು ಖಾತೆ ಏಳು ವರ್ಷದ ಉಳಿಕೆಯನ್ನು ನುಂಗಿತು.

ಅಲ್ಲಿಗೂ ಮುಗಿಯಲಿಲ್ಲ. ಎನ್‌ಪಿಎ ಆಗುವುದು ಸಾಲವಲ್ಲ, ಸಾಲಗಾರ. ಒಂದು ಖಾತೆ ಕೆಟ್ಟರೆ ಅವನ ಉಳಿದ ಖಾತೆಗಳೂ ಅದೇ ಸಾಲಿಗೆ. ಮಾವನದೊಂದು ಚಿನ್ನದ ಸಾಲ ಇತ್ತು, ಅತ್ತೆಯ ಅವಲಕ್ಕಿ ಸರದ ಮೇಲೆ. ಠೇವಣಿ ರಸೀದಿ, ಎಲ್‌ಐಸಿ ಪಾಲಿಸಿ, ಅಂಚೆಯ ಉಳಿತಾಯ ಪತ್ರಗಳ ಮೇಲಿನ ಸಾಲಕ್ಕೆ ವಿನಾಯಿತಿ ಇದೆ, ಚಿನ್ನಕ್ಕೆ ಇಲ್ಲ. ಲಾಕರಿನೊಳಗೆ ಸಾಲಕ್ಕಿಂತ ಹೆಚ್ಚಿನ ಬೆಲೆಯ ಬಂಗಾರ ಕುಳಿತಿದ್ದರೂ ಆ ಖಾತೆಯೂ ಎನ್‌ಪಿಎ ಆಯಿತು.

ಇಂಥ 31. ಕೆಲವು ಎರಡು-ಮೂರು ವರ್ಷದಿಂದ ಹಳತು-ಹೊಸತು ಆಗುತ್ತ ಬಂದವು. ಅವನ್ನು ಮೊದಲು ಕೆಟ್ಟ ದಿನಾಂಕಕ್ಕೆ ಒಯ್ದು 'ಸಂಶಯಾಸ್ಪದ' ವರ್ಗಕ್ಕೆ ಹಾಕಿದರು. ಆ ವರ್ಗಕ್ಕೆ ಭದ್ರತೆ ಇರುವ ಭಾಗದ ಮೇಲೆ ಶೇಕಡ 20ರಿಂದ ಪ್ರಾವಿಜನ್ ಶುರು, ಭದ್ರತೆ ಇಲ್ಲದ ಭಾಗಕ್ಕೆ ಪೂರ್ತಿ ನೂರು. ಭದ್ರತೆ ಎಷ್ಟು ಎಂಬ ಪ್ರಶ್ನೆ ಬಂದಾಗ ನಮ್ಮ ಇನ್ನೊಂದು ಹುಳುಕು ಹೊರಬಿತ್ತು. ತೋಟದ ಬೆಲೆ ಕಟ್ಟುವಾಗ ನಾವು ಸೊಪ್ಪಿನ ಬೆಟ್ಟವನ್ನೂ ಸೇರಿಸಿಯೇ ಕಟ್ಟುತ್ತಿದ್ದೆವು. ಬೆಟ್ಟವಿಲ್ಲದ ತೋಟವನ್ನು ನಮ್ಮಲ್ಲಿ ಯಾರು ಕೊಳ್ಳುತ್ತಾರೆ? ಆದರೆ ಬೆಟ್ಟ ಸರ್ಕಾರದ್ದು. ಬೆಳೆಗಾರನಿಗೆ ಇರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವ ಸವಲತ್ತು ಮಾತ್ರ. ತಪಾಸಣೆ ತಂಡದ ಹಿರಿಯ ಅಧಿಕಾರಿ ಪಹಣಿ ನೋಡಿ, "ಇದನ್ನು ಹರಾಜು ಹಾಕಲು ನಿಮಗೆ ಬರುತ್ತದೆಯೇ?" ಎಂದರು. ನಾನು ಕಿಟಕಿಯಾಚೆಯ ಮಳೆ ನೋಡಿದೆ.

ನಾವು 92 ಲಕ್ಷ ಲಾಭ ತೋರಿಸಿದ್ದೆವು. ಅವರು ಅಳೆದ ಮೇಲೆ 14 ಲಕ್ಷ ನಷ್ಟ. ಒಟ್ಟು ಎನ್‌ಪಿಎ ಶೇಕಡ 3ರಿಂದ 8ಕ್ಕೆ ಏರಿತು. ನೂರು ರೂಪಾಯಿ ಅಪಾಯಕಾರಿ ಆಸ್ತಿಗೆ ಬ್ಯಾಂಕಿನ ಸ್ವಂತದ ಹಣ ಎಷ್ಟಿದೆ ಎಂದು ಹೇಳುವ ಸಿಆರ್‌ಎಆರ್ 11.8 ಇದ್ದದ್ದು 10.5ಕ್ಕೆ ಇಳಿಯಿತು. ಆಗ ಕನಿಷ್ಠ ಮಿತಿ 9. ಗೆರೆಯ ಮೇಲೆಯೇ ಉಳಿದೆವು, ಅಷ್ಟೇ ಸಮಾಧಾನ. ಶೇಕಡ 12ರ ಡಿವಿಡೆಂಡ್ ಎಂದು ಅಚ್ಚಾಗಿದ್ದ ವರದಿ ಪುಸ್ತಕಗಳನ್ನು ಗೋದಾಮಿಗೆ ಹಾಕಿದೆವು.

ಆಡಳಿತ ಮಂಡಳಿಯ ಸಭೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಬ್ಬರು ಇದು ಸಹಕಾರ ತತ್ವದ ಕೊಲೆ ಎಂದರು. ಇನ್ನೊಬ್ಬರು ದೊಡ್ಡ ದೊಡ್ಡ ಉದ್ಯಮಿಗಳು ಸಾವಿರ ಕೋಟಿ ನುಂಗಿದಾಗ ಈ ಅಧಿಕಾರಿಗಳು ಎಲ್ಲಿದ್ದರು ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ, ಆದರೆ ನಮ್ಮ 31 ಖಾತೆಗಳಿಗೆ ಉತ್ತರವಲ್ಲ. ಅಧ್ಯಕ್ಷರು ಸುಮ್ಮನೆ ಕೇಳಿಸಿಕೊಂಡು ಕೊನೆಗೆ, "ಭಟ್ಟರೇ, ಮುಂದಿನ ಮಾರ್ಚಿನಲ್ಲಿ ಇದು ಆಗದಂತೆ ಏನು ಮಾಡಬೇಕು ಬರೆದು ತನ್ನಿ" ಎಂದರು.

ಬರೆಯುವ ಮೊದಲು ತಿರುಗಿದೆ. ಆಗಸ್ಟ್, ಸೆಪ್ಟೆಂಬರ್ ಪೂರ್ತಿ ವಸೂಲಿ ಗುಮಾಸ್ತನನ್ನು ಬೈಕಿನ ಹಿಂದೆ ಕೂರಿಸಿಕೊಂಡು 31 ಮನೆಗಳಿಗೂ ಹೋದೆ. ನೋಟಿಸ್ ಒಯ್ಯಲಿಲ್ಲ. ಒಂದು ನೋಟ್‌ಬುಕ್ ಒಯ್ದೆ. ನಿಮಗೆ ಯಾವ ತಿಂಗಳು ಎಷ್ಟು ಹಣ ಬರುತ್ತದೆ, ಯಾವ ತಿಂಗಳು ಎಷ್ಟು ಹೋಗುತ್ತದೆ ಎಂದು ಕೇಳಿ ಬರೆದುಕೊಂಡೆ. ಸಾಲ ಕೊಡುವಾಗ ಕೇಳಬೇಕಾಗಿದ್ದ ಪ್ರಶ್ನೆ ಇದು. ಪಹಣಿ ಕೇಳಿದ್ದೆವು, ಜಾಮೀನುದಾರರನ್ನು ಕೇಳಿದ್ದೆವು, ಇದನ್ನು ಕೇಳಿರಲಿಲ್ಲ.

ಉತ್ತರ ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ದೀಪಾವಳಿ ಕಳೆದು ಅಡಿಕೆಯ ಕೊನೆ ಕೊಯ್ಲು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಸಿಕ್ಕ ದಿನ ಕೊಯ್ಲು, ಸಿಗದಿದ್ದರೆ ಮುಂದಕ್ಕೆ. ಚಾಲಿ, ಅಂದರೆ ಬಿಸಿಲಿಗೆ ಹರವಿದ ಹಣ್ಣಡಿಕೆ, ಒಣಗಬೇಕು, ಸುಲಿಯಬೇಕು, ದರ ನೋಡಬೇಕು. ಫೆಬ್ರವರಿಯಿಂದ ಮೇ ಒಳಗೆ ಹಣ ಕೈಗೆ. ಜೂನ್ ಬಂತೆಂದರೆ ಶಾಲೆಯ ಖರ್ಚು, ಗೊಬ್ಬರ, ಕೊಳೆ ರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವ ಕೂಲಿ. ಜುಲೈನಿಂದ ಅಕ್ಟೋಬರ್‌ವರೆಗೆ ಕೈ ಖಾಲಿ. ಇಂಥವರಿಗೆ ನಾವು ಸರ್ಕಾರಿ ನೌಕರನಿಗೆ ಹಾಕಿದಂತೆ ತಿಂಗಳ ಕಂತು ಹಾಕಿದ್ದೆವು. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರು ಕಂತು ತಪ್ಪಿದರೆ 90 ದಿನ ಆಗಿಯೇ ಹೋಗುತ್ತದೆ. ನಿಯಮ ಕಠಿಣ ಎಂದು ಮಂಡಳಿಯಲ್ಲಿ ಬೈದವರಲ್ಲಿ ನಾನೂ ಒಬ್ಬ. ಆದರೆ ಬೆಳೆ ಸಾಲಕ್ಕೆ ರಿಸರ್ವ್ ಬ್ಯಾಂಕೇ 90 ದಿನದ ಅಳತೆ ಹಾಕಿಲ್ಲ, ಬೆಳೆಯ ಹಂಗಾಮಿನ ಲೆಕ್ಕ ಇಟ್ಟಿದೆ. ಮನೆ ಸಾಲಕ್ಕೆ, ಜೀಪಿನ ಸಾಲಕ್ಕೆ ತಿಂಗಳ ಕಂತನ್ನೇ ಹಾಕಿ ಎಂದು ಅದು ನಮಗೆ ಹೇಳಿರಲಿಲ್ಲ. ಕಂಪ್ಯೂಟರಿನಲ್ಲಿ ಅದೊಂದೇ ನಮೂನೆ ಇತ್ತು, ಅದನ್ನೇ ಒತ್ತುತ್ತಿದ್ದೆವು.

ನೋಟ್‌ಬುಕ್ ಮುಗಿಯುವ ಹೊತ್ತಿಗೆ 31 ಹೆಸರುಗಳು ತಾವಾಗಿಯೇ ಬೇರೆಬೇರೆಯಾದವು. ಹದಿನೇಳು ಮಂದಿ ಕಟ್ಟಬಲ್ಲವರು, ಕಂತಿನ ವೇಳೆ ಮಾತ್ರ ತಪ್ಪು. ಒಂಬತ್ತು ಮನೆಗಳಲ್ಲಿ ನಿಜವಾದ ಕಷ್ಟ: ಕೊಳೆ ರೋಗ, ಕಾಯಿಲೆ, ಒಂದು ಕಡೆ ಮಗನ ಸಾವು. ಉಳಿದ ಐವರು ದುಡ್ಡಿದ್ದೂ ಕಟ್ಟದವರು. ಅವರಲ್ಲಿ ಇಬ್ಬರು ಪೇಟೆಯಲ್ಲಿ ಬೇರೆಯವರಿಗೆ ಬಡ್ಡಿಗೆ ಕೊಡುತ್ತಿದ್ದರು. ಹಳತು-ಹೊಸತಿನ ದೊಡ್ಡ ಅನ್ಯಾಯ ನನಗೆ ಆಗ ಕಂಡಿತು. ಮಗನನ್ನು ಕಳೆದುಕೊಂಡವನೂ ಬಡ್ಡಿ ವ್ಯಾಪಾರದವನೂ ನಮ್ಮ ಲೆಕ್ಕದಲ್ಲಿ ಒಂದೇ ಆಗಿದ್ದರು, ಇಬ್ಬರೂ 'ಚೊಕ್ಕ ಸಾಲಗಾರರು'.

ಐವರ ಮೇಲೆ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ದಾವೆ ಹೂಡಿದೆವು. ನಾಲ್ವರು ಅವಾರ್ಡ್ (ತೀರ್ಪು) ಆಗುವ ಮೊದಲೇ ಬಂದು ಕಟ್ಟಿದರು. ಹದಿನೇಳು ಮಂದಿಗೆ ಕಂತು ಬದಲಿಸಿದೆವು, ಆದರೆ ಇಲ್ಲೊಂದು ಸೂಕ್ಷ್ಮ ಇದೆ, ಇದನ್ನು ತಿಳಿಯದೆ ಕೈಸುಟ್ಟುಕೊಂಡ ಬ್ಯಾಂಕುಗಳನ್ನು ಕಂಡಿದ್ದೇನೆ. ಸಾಲ ಕೊಡುವ ದಿನವೇ ವರ್ಷದ ಕಂತು ಬರೆದರೆ ಅದು ಸಾಲದ ಕರಾರು. ಕಟ್ಟಲಾಗದ ಮೇಲೆ ಬದಲಿಸಿದರೆ ಅದು ಮರುರಚನೆ. ಖಾತೆ ಎನ್‌ಪಿಎ ಪಟ್ಟಿಯಿಂದ ಹೊರಬರಬೇಕಾದರೆ ಹೊಸ ಕರಾರಿನಂತೆ ಒಂದು ವರ್ಷ ತಪ್ಪದೆ ಕಟ್ಟಿ ತೋರಿಸಬೇಕು. ಹಾಗಾಗಿ ಆ ವರ್ಷ ಅವರನ್ನು ಎನ್‌ಪಿಎ ಎಂದೇ ತೋರಿಸಿದೆವು. ಮುಚ್ಚಲಿಲ್ಲ.

ವರ್ಷಕ್ಕೊಂದು ಕಂತು ಎಂದು ಬರೆದರೂ ಬಡ್ಡಿಯ ಪ್ರಶ್ನೆ ಉಳಿಯಿತು. ಕೃಷಿಯೇತರ ಸಾಲಕ್ಕೆ ಬಡ್ಡಿ ತಿಂಗಳು ತಿಂಗಳು ಬೀಳುತ್ತದೆ; ಬಿದ್ದ ಬಡ್ಡಿ 90 ದಿನ ಮೀರಿ ನಿಂತರೂ ಎನ್‌ಪಿಎ. ಇದಕ್ಕೆ ದಾರಿ ತೋರಿಸಿದ್ದು ನಮ್ಮ ಸಿದ್ದಾಪುರ ಕಡೆಯ ಶಾಖೆಯ ಕ್ಯಾಷಿಯರ್. "ಅಡಿಕೆ ಮಾರಿದ ದಿನವೇ ವರ್ಷದ ಬಡ್ಡಿಯಷ್ಟು ಹಣವನ್ನು ಅವರ ಉಳಿತಾಯ ಖಾತೆಯಲ್ಲಿ ಇರಿಸಿಕೊಂಡರೆ ಆಯಿತಲ್ಲ ಸರ್? ತಿಂಗಳು ತಿಂಗಳು ತಾನೇ ಸಾಲದ ಖಾತೆಗೆ ಹೋಗುತ್ತದೆ" ಎಂದಳು. ಮಾವನ ಲೆಕ್ಕದಲ್ಲಿ ಅದು 96 ಸಾವಿರ. ಅಸಲಿನ ಕಂತು ಮೇ 15ಕ್ಕೆ, ಬಡ್ಡಿಗೆ ಸ್ಥಾಯಿ ಸೂಚನೆ ಪ್ರತಿ ತಿಂಗಳ 5ಕ್ಕೆ. ಮೊದಲ ವರ್ಷ ಜನ ಗೊಣಗಿದರು: ಉಳಿತಾಯ ಖಾತೆಯ ಬಡ್ಡಿ ಕಡಿಮೆ, ನಮ್ಮ ಹಣ ನಿಮ್ಮಲ್ಲಿ ಕೊಳೆಯಬೇಕೇ ಎಂದು. ಸರಿಯಾದ ಮಾತೇ. ಹಣವನ್ನು ಮೂರು, ಆರು, ಒಂಬತ್ತು ತಿಂಗಳಿಗೆ ಮಾಗುವ ಸಣ್ಣ ಠೇವಣಿಗಳಾಗಿ ಒಡೆದು ಕೊಟ್ಟೆವು. ಎರಡನೆಯ ವರ್ಷ ಗೊಣಗು ನಿಂತಿತು.

ಕಾರವಾರ ಶಾಖೆಯದು ಬೇರೆ ಪಂಚಾಂಗ. ಅಲ್ಲಿ ಬೈತಖೋಲದ ಬೋಟಿನವರಿಗೆ ಸಾಲ. ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯುವಂತಿಲ್ಲ. ಬಲೆ ಹೊಲಿಯುವುದು, ಬೋಟಿಗೆ ಬಣ್ಣ ಬಳಿಯುವುದು, ಕೈಯಿಂದ ಖರ್ಚು. ಆಗಸ್ಟಿನಲ್ಲಿ ಕಡಲಿಗೆ ಹೋದ ಮೇಲೂ ಮೊದಲ ಒಂದೆರಡು ಟ್ರಿಪ್ಪಿನ ಹಣ ಡೀಸೆಲ್ಲಿಗೆ ಹೋಗುತ್ತದೆ. ಎರಡು ತಿಂಗಳ ಬಾಕಿ ಹೊತ್ತುಕೊಂಡೇ ಅವರು ಹಂಗಾಮು ಶುರು ಮಾಡುತ್ತಿದ್ದರು. ಗಾಳಿಮಳೆಗೆ ಇನ್ನೆರಡು ವಾರ ಹೋದರೆ ಮುಗಿಯಿತು. ಅಲ್ಲಿ ವರ್ಷಕ್ಕೆ ಹನ್ನೆರಡರ ಬದಲು ಹತ್ತು ಕಂತು ಬರೆದೆವು, ಸೆಪ್ಟೆಂಬರಿನಿಂದ ಮೇ ಮತ್ತು ಆಗಸ್ಟ್ ಕೊನೆಗೆ ಒಂದು ಸಣ್ಣದು. ಜೂನ್-ಜುಲೈ ಬಡ್ಡಿಯನ್ನು ಮೇ ಕಂತಿನ ಜೊತೆಯೇ ತೆಗೆದಿಡುವುದು. ಬೋಟು ನಡೆಸುವ ಒಬ್ಬ ತಾಂಡೇಲರು, "ಕಡಲು ನೋಡಿ ಬರೆದ ಕಾಗದ ಇದೇ ಮೊದಲು" ಎಂದರಂತೆ. ಶಾಖೆಯ ಮ್ಯಾನೇಜರ್ ಅದನ್ನು ಹೇಳುವಾಗ ಸ್ವಲ್ಪ ಉಪ್ಪುಖಾರ ಹಚ್ಚಿರಲೂಬಹುದು.

ಇಷ್ಟರ ಜೊತೆ ಪ್ರತಿ ಶನಿವಾರ ಒಂದು ಹಳದಿ ಹಾಳೆ. ಯಾವ ಸಾಲ 30 ದಿನ ದಾಟಿತು, ಯಾವುದು 60 ದಾಟಿತು ಎಂದು ಎಲ್ಲ ಶಾಖೆಗಳಿಂದ. 60 ದಾಟಿದವರ ಮನೆಗೆ ಸೋಮವಾರವೇ ಹೋಗುವುದು, ಫೋನಲ್ಲಿ ಅಲ್ಲ. ಆಮೇಲೆ ಇದಕ್ಕೇ ಎಸ್‌ಎಂಎ-0, 1, 2 (ಎಸ್‌ಎಂಎ ಎಂದರೆ ವಿಶೇಷ ನಿಗಾ ಖಾತೆ) ಎಂಬ ಹೆಸರುಗಳು ನಮ್ಮವರೆಗೂ ಬಂದವು. ರಿಸರ್ವ್ ಬ್ಯಾಂಕಿನ 2021ರ ನವೆಂಬರ್ 12ರ ಸುತ್ತೋಲೆ ಇನ್ನೂ ಬಿಗಿ ಮಾಡಿತು: ದಿನದ ಕೊನೆಗೆ ಲೆಕ್ಕ ಮುಗಿಸುವಾಗಲೇ ಖಾತೆ ಯಾವ ವರ್ಗ ಎಂದು ನಿರ್ಧಾರವಾಗಬೇಕು, ಒಮ್ಮೆ ಎನ್‌ಪಿಎ ಆದರೆ ಬಾಕಿ ಬಿದ್ದ ಬಡ್ಡಿ, ಬಾಕಿ ಬಿದ್ದ ಅಸಲು ಎರಡನ್ನೂ ಪೂರ್ತಿ ಕಟ್ಟಿದ ಹೊರತು ಮೇಲೇಳುವಂತಿಲ್ಲ. ಒಂದು ಕಂತು ಕಟ್ಟಿಸಿ 'ಸರಿಯಾಯಿತು' ಎನ್ನುವ ಹಳೆಯ ಉಪಾಯಕ್ಕೆ ಅಲ್ಲಿಗೆ ಕಲ್ಲು ಬಿತ್ತು. ಹಲವು ಬ್ಯಾಂಕುಗಳು ಅಂದು ಒದ್ದಾಡಿದವು. ನಮ್ಮಲ್ಲಿ ಹಳದಿ ಹಾಳೆಯ ಬಣ್ಣ ಕೂಡ ಬದಲಾಗಲಿಲ್ಲ.

ಎಲ್ಲ ನಿಯಮಗಳಿಗೂ ತಲೆದೂಗುವವ ನಾನಲ್ಲ. ಸಹಕಾರಿ ಬ್ಯಾಂಕಿಗೆ ಇಬ್ಬರು ಯಜಮಾನರು. ಚುನಾವಣೆ, ಸದಸ್ಯತ್ವ, ಮಹಾಸಭೆ ಸಹಕಾರ ಸಂಘಗಳ ನಿಬಂಧಕರದು. ಸಾಲ, ಠೇವಣಿ, ಬಂಡವಾಳ ರಿಸರ್ವ್ ಬ್ಯಾಂಕಿನದು. 2020ರ ತಿದ್ದುಪಡಿ ಬರುವವರೆಗೂ ಕೆಟ್ಟ ಆಡಳಿತವನ್ನು ನೇರವಾಗಿ ಕೈಗೆ ತೆಗೆದುಕೊಳ್ಳುವ ಬಲ ರಿಸರ್ವ್ ಬ್ಯಾಂಕಿಗೆ ಸರಿಯಾಗಿ ಇರಲಿಲ್ಲ. ಈಗ ಇದೆ, ಆದರೆ ವರದಿಗಳು ಇಬ್ಬರಿಗೂ ಹೋಗಬೇಕು, ನಮೂನೆಗಳು ಬೇರೆ. ಒಂಬತ್ತು ಶಾಖೆಯ ಬ್ಯಾಂಕಿನಲ್ಲಿ ವರದಿ ತುಂಬುವುದಕ್ಕೇ ಇಬ್ಬರು ಬೇಕಾದರು. 2022ರಲ್ಲಿ ಪಟ್ಟಣ ಬ್ಯಾಂಕುಗಳನ್ನು ನಾಲ್ಕು ಸ್ತರಗಳಾಗಿ ವಿಂಗಡಿಸಿದರು. 100 ಕೋಟಿಗಿಂತ ಹೆಚ್ಚು ಠೇವಣಿ ಇದ್ದ ನಾವು ಎರಡನೆಯ ಸ್ತರಕ್ಕೆ ಬಿದ್ದೆವು. ಸಿಆರ್‌ಎಆರ್ 9 ಸಾಲದು, 2026ರ ಮಾರ್ಚ್ ಒಳಗೆ 12 ಆಗಬೇಕು ಎಂದಾಯಿತು. 1,000 ಕೋಟಿಯ ಹತ್ತಿರ ಇರುವ ಬ್ಯಾಂಕೂ ನಮ್ಮದೇ ಸ್ತರ. ಆನೆಗೂ ಮೇಕೆಗೂ ಒಂದೇ ಹಗ್ಗ ಎಂದು ಸಭೆಯೊಂದರಲ್ಲಿ ಎದ್ದು ಹೇಳಿದ್ದೆ. ಅಧಿಕಾರಿಗಳು ಬರೆದುಕೊಂಡರು. ಹಗ್ಗ ಬದಲಾಗಲಿಲ್ಲ.

2019ರ ಸೆಪ್ಟೆಂಬರ್ 23ರಂದು ಮುಂಬಯಿಯ ಪಿಎಂಸಿ ಸಹಕಾರಿ ಬ್ಯಾಂಕಿನ ಮೇಲೆ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 35ಎ ಕಲಮಿನಡಿ ರಿಸರ್ವ್ ಬ್ಯಾಂಕಿನ ನಿರ್ಬಂಧ ಬಂತು; ಮೊದಲಿಗೆ ಒಬ್ಬ ಠೇವಣಿದಾರನಿಗೆ 1,000 ರೂಪಾಯಿಗಿಂತ ಹೆಚ್ಚು ಸಿಗುವಂತಿರಲಿಲ್ಲ. ಮೂರೂವರೆ ತಿಂಗಳಿಗೆ ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೂ ಬಂತು, ಅಲ್ಲಿ ಮಿತಿ 35,000. ಮುಂಬಯಿಯ ಸುದ್ದಿಗೆ ಅಲುಗದ ನಮ್ಮ ಠೇವಣಿದಾರರು ಬೆಂಗಳೂರಿನ ಸುದ್ದಿಗೆ ಅಲುಗಿದರು. ಮಕ್ಕಳು ಅಲ್ಲಿಂದ ಫೋನ್ ಮಾಡಿ "ಅಪ್ಪಾ, ಮೊದಲು ಹಣ ತೆಗೆಯಿರಿ" ಎನ್ನುತ್ತಿದ್ದರು. ಕುಮಟಾ ಶಾಖೆಯಲ್ಲಿ ಎರಡು ದಿನ ಸಾಲು ನಿಂತಿತು. ನಾನು ದೇವಿಮನೆ ಘಟ್ಟ ಇಳಿದು ಹೋಗಿ ಕೌಂಟರಿನ ಹೊರಗೆ ಕುರ್ಚಿ ಹಾಕಿಕೊಂಡು ಕುಳಿತೆ. ಕೇಳಿದವರಿಗೆಲ್ಲ ಕೊಟ್ಟೆವು, ಅವಧಿಗೆ ಮೊದಲೇ ಒಡೆದ ಠೇವಣಿಗೆ ದಂಡವನ್ನೂ ಹಿಡಿಯಲಿಲ್ಲ. ಕುಳಿತಲ್ಲೇ ಹಿಂದಿನ ಮೂರು ವರ್ಷದ ಲೆಕ್ಕ ತೋರಿಸಿದೆ, ನಷ್ಟ ತೋರಿಸಿದ 2016ರ ಪುಟವನ್ನೂ. ಒಬ್ಬ ನಿವೃತ್ತ ಮಾಸ್ತರರು ಆ ಪುಟವನ್ನು ಬಹಳ ಹೊತ್ತು ನೋಡಿ, ಹಣ ತೆಗೆಯುವ ಚೀಟಿಯನ್ನು ಹರಿದು ಜೇಬಿಗೆ ಹಾಕಿಕೊಂಡು ಮನೆಗೆ ಹೋದರು.

ಆಗ ಎಲ್ಲರೂ ಕೇಳುತ್ತಿದ್ದದ್ದು ವಿಮೆಯ ಬಗ್ಗೆ. ಠೇವಣಿ ವಿಮೆ 1993ರಿಂದ 1 ಲಕ್ಷದಲ್ಲೇ ನಿಂತಿತ್ತು. 2020ರ ಫೆಬ್ರವರಿ 4ರಿಂದ 5 ಲಕ್ಷವಾಯಿತು. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಶಾಖೆಯ ಖಾತೆ ಸೇರಿಸಿ, ಅಸಲು ಬಡ್ಡಿ ಎರಡೂ ಸೇರಿ. ಕಂತು ಕಟ್ಟುವುದು ಬ್ಯಾಂಕ್, ಗ್ರಾಹಕನಲ್ಲ. 2021ರ ತಿದ್ದುಪಡಿಯ ಮೇಲೆ, ಬ್ಯಾಂಕ್ ನಿರ್ಬಂಧಕ್ಕೆ ಒಳಗಾದರೂ 90 ದಿನದೊಳಗೆ ವಿಮೆಯ ಹಣ ಕೊಡಬೇಕು. 2025ರ ಜುಲೈನಲ್ಲಿ ನಮ್ಮ ಜಿಲ್ಲೆಯದೇ ಒಂದು ಪಟ್ಟಣ ಸಹಕಾರಿ ಬ್ಯಾಂಕಿನ ಪರವಾನಗಿ ರದ್ದಾದಾಗ ಈ ಲೆಕ್ಕವನ್ನು ನಾನು ಫೋನಿನಲ್ಲಿ ಎಷ್ಟು ಜನರಿಗೆ ಹೇಳಿದೆನೋ. ಅಷ್ಟರಲ್ಲಿ ನಿವೃತ್ತನಾಗಿದ್ದೆ; ಆದರೂ ಫೋನ್ ನನಗೇ ಬರುತ್ತಿತ್ತು.

ಆದರೆ ಈ ವಿಮೆ ಬ್ಯಾಂಕಿನ ಠೇವಣಿಗೆ ಮಾತ್ರ. ಊರಿನ ಸೇವಾ ಸಹಕಾರಿ ಸಂಘ ಬ್ಯಾಂಕಲ್ಲ. ಅಲ್ಲಿಗೆ ರಿಸರ್ವ್ ಬ್ಯಾಂಕಿನ ತಪಾಸಣೆ ಇಲ್ಲ, ಈ 5 ಲಕ್ಷದ ವಿಮೆಯೂ ಇಲ್ಲ. ಬ್ಯಾಂಕ್ ಪರವಾನಗಿ ಇಲ್ಲದ ಸೌಹಾರ್ದ ಸಹಕಾರಿಗಳಿಗೂ ಅದೇ. ಎಷ್ಟೋ ಸಂಘಗಳು ಬಹಳ ಚೆನ್ನಾಗಿ ನಡೆದಿವೆ, ನಮ್ಮ ಬ್ಯಾಂಕಿಗಿಂತ ಚೊಕ್ಕವಾಗಿ. ಅದು ನಡೆಸುವವರ ಪುಣ್ಯ, ಕಾಯ್ದೆಯ ಕಾವಲಲ್ಲ.

ಮಾವನ ವಿಷಯ ಅರ್ಧಕ್ಕೆ ಬಿಟ್ಟೆ. 2016ರ ಅಕ್ಟೋಬರಿನಲ್ಲಿ ಅವರ ಮನೆಗೆ ಎನ್‌ಪಿಎ ನೋಟಿಸ್ ಹೋಯಿತು, ನನ್ನದೇ ಸಹಿಯಲ್ಲಿ. ಬೇರೆಯವರಿಂದ ಸಹಿ ಹಾಕಿಸಬಹುದಿತ್ತು. ಹಾಕಿಸಿದ್ದರೆ ಉಳಿದ ಮೂವತ್ತು ಮನೆಗಳಿಗೆ ನಾನು ಮತ್ತೆ ಹೋಗುವಂತಿರಲಿಲ್ಲ. ಆ ದೀಪಾವಳಿಗೆ ಗೋಪೂಜೆಗೆ ಕರೆ ಬರಲಿಲ್ಲ. ಅತ್ತೆ ಮಾತ್ರ ಒಮ್ಮೆ ಫೋನ್ ಮಾಡಿ, "ಸರ ಬಿಡಿಸುವುದಕ್ಕೆ ಆಗುತ್ತದೆಯೇ? 2018ಕ್ಕೆ ಮಾರಿಕಾಂಬೆ ಜಾತ್ರೆ ಇದೆ" ಎಂದು ಕೇಳಿದರು. ಚಿನ್ನದ ಸಾಲ ಕಟ್ಟಿದರೆ ಸರ ಬಿಡಿಸಬಹುದು, ಮನೆ ಸಾಲ ಹಾಗೆಯೇ ಉಳಿಯುತ್ತದೆ ಎಂದೆ.

2017ರ ಮೇ ತಿಂಗಳಲ್ಲಿ ಮಾವ ಬ್ಯಾಂಕಿಗೆ ಬಂದರು. ನನ್ನ ಕೋಣೆಗೆ ಬರಲಿಲ್ಲ, ಕೌಂಟರಿನಲ್ಲಿ ಸಾಲಿನಲ್ಲಿ ನಿಂತರು. ಚಾಲಿ ಮಾರಿದ ಹಣ. ಹೊಸ ಕರಾರಿನ ಕಂತು ಕಟ್ಟಿದರು, ವರ್ಷದ ಬಡ್ಡಿ ಇರಿಸಿದರು, ಸರ ಬಿಡಿಸಿಕೊಂಡರು. ಹೊರಡುವಾಗ ಬಾಗಿಲ ಬಳಿ ನಿಂತು, "ತಮ್ಮಾ, ನಿನ್ನ ಯಂತ್ರ ಈಗ ನನ್ನನ್ನು ಏನೆಂದು ಬರೆಯುತ್ತದೆ?" ಎಂದರು. ಇನ್ನೂ ಒಂದು ವರ್ಷ ಎನ್‌ಪಿಎ ಎಂದೇ ಬರೆಯುತ್ತದೆ ಮಾವ, ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವರು ಛತ್ರಿ ಬಿಚ್ಚಿಕೊಂಡು ನಡೆದರು.

ಸಾಲ 2023ರಲ್ಲಿ ಪೂರ್ತಿ ತೀರಿತು. ಈಗ ಮಾತುಕತೆ ಇದೆ, ಹಬ್ಬಕ್ಕೆ ಕರೆಯೂ ಇದೆ. ಕಳೆದ ವರ್ಷ ಅಡಿಕೆಗೆ ಒಳ್ಳೆಯ ದರ ಸಿಕ್ಕಿ ಕೈಯಲ್ಲಿ ಸ್ವಲ್ಪ ಹಣ ಉಳಿಯಿತು. ಅದಷ್ಟನ್ನೂ ಊರಿನ ಸಂಘದಲ್ಲಿ ಠೇವಣಿ ಇಟ್ಟಿದ್ದಾರೆ. ಅಲ್ಲಿ ವಿಮೆ ಇಲ್ಲ ಮಾವ, ಸ್ವಲ್ಪವನ್ನಾದರೂ ಬ್ಯಾಂಕಿನಲ್ಲಿ ಇಡಿ ಎಂದು ಎರಡು ಸಲ ಹೇಳಿದೆ.

"ಅಲ್ಲಿ ಇರುವವರೆಲ್ಲ ಗೊತ್ತಿದ್ದವರು" ಎಂದರು, ಕವಳದ ಬಟ್ಟಲನ್ನು ನನ್ನ ಕಡೆ ಸರಿಸುತ್ತ.